ಟೆಸ್ಟ್ ‘ಶೇ 99ರಷ್ಟು ನಿಖರ’ ಎಂದರೆ ಪಾಸಿಟಿವ್ ಬಂದವರಿಗೆಲ್ಲ ಕಾಯಿಲೆ ಇದೆಯೇ?

“ಶೇ 99ರಷ್ಟು ನಿಖರವಾದ ಕಿಟ್, ಮನೆಯಲ್ಲೇ ಟೆಸ್ಟ್ ಮಾಡಿಕೊಳ್ಳಿ, ಎಲ್ಲರಿಗೂ ಶೇರ್ ಮಾಡಿ.” ಇಂಥ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಪಾಸಿಟಿವ್ ಬಂದ 100 ಜನರಲ್ಲಿ 99 ಮಂದಿಗೆ ಕಾಯಿಲೆ ಇದ್ದೇ ಇರುತ್ತದೆ ಎಂದು ಹೆಚ್ಚಿನವರು ತಿಳಿಯುತ್ತಾರೆ. ಇದು ತಪ್ಪು. ಏಕೆ ಎನ್ನುವುದಕ್ಕೆ 2020ರ ರಾಮನಗರವನ್ನೇ ನೋಡೋಣ.

ಆ ಏಪ್ರಿಲ್‌ನಲ್ಲಿ ರಾಮನಗರ (ಈಗಿನ ಬೆಂಗಳೂರು ದಕ್ಷಿಣ) ಜಿಲ್ಲೆ ಕೊರೊನಾ ಹಸಿರು ವಲಯದಲ್ಲಿತ್ತು. ಬೆಂಗಳೂರಿನ ಪಾದರಾಯನಪುರ ಗಲಾಟೆ ಪ್ರಕರಣದ ಆರೋಪಿಗಳನ್ನು ರಾಮನಗರದ ಜೈಲಿಗೆ ತಂದಾಗ ಅವರಲ್ಲಿ ಕೆಲವರಿಗೆ ಸೋಂಕು ಪತ್ತೆಯಾಯಿತು. ಜಿಲ್ಲೆಯಲ್ಲಿ ದೊಡ್ಡ ಆತಂಕವೇ ಆಯಿತು. ಜೈಲಿನ ಗೋಡೆಯ ಹೊರಗೆ ಸೋಂಕು ತೀರಾ ಅಪರೂಪ, ಒಳಗೆ ಪಕ್ಕದಲ್ಲೇ ಮಲಗಿದವರಿಗೆ ಇರುವ ಸಾಧ್ಯತೆ.

ಜೂನ್‌ನಲ್ಲಿ ಐಸಿಎಂಆರ್ ಒಂದು ರ‍್ಯಾಪಿಡ್ ಆಂಟಿಜೆನ್ ಕಿಟ್‌ಗೆ ಅನುಮತಿ ಕೊಟ್ಟಿತು. ಪರಿಶೀಲನೆಯಲ್ಲಿ ಅದು ಸೋಂಕಿತರಲ್ಲಿ ಶೇ 50.6ರಿಂದ 84ರಷ್ಟು ಮಂದಿಯನ್ನು ಮಾತ್ರ ಹಿಡಿದಿತ್ತು. ಇದಕ್ಕೆ ಸೆನ್ಸಿಟಿವಿಟಿ ಎನ್ನುತ್ತಾರೆ. ಸೋಂಕಿಲ್ಲದವರಿಗೆ ಸರಿಯಾಗಿ ‘ಇಲ್ಲ’ ಎಂದದ್ದು ಶೇ 99.3ರಿಂದ 100. ಇದು ಸ್ಪೆಸಿಫಿಸಿಟಿ. ಫಾರ್ವರ್ಡ್‌ಗಳಲ್ಲಿ ಬರುವ ‘ನಿಖರತೆ’ ಇವೆರಡರಲ್ಲಿ ಯಾವುದು ಎಂದು ಯಾರೂ ಹೇಳುವುದಿಲ್ಲ.

ಈಗ ಸಣ್ಣ ಲೆಕ್ಕ. ಜೈಲಿನಲ್ಲಿ ಆ ಕಿಟ್ ಬಳಸಿರಲಿಲ್ಲ, ಸೋಂಕಿತರ ಸಂಖ್ಯೆಯೂ ನಾವು ಊಹಿಸಿಕೊಂಡದ್ದು. ಹೊರಗಿನ 10,000 ಜನರಲ್ಲಿ 10 ಮಂದಿಗೆ ಸೋಂಕಿದೆ ಎನ್ನಿ. ಸೆನ್ಸಿಟಿವಿಟಿ ಶೇ 80 ಎಂದುಕೊಂಡರೆ ಕಿಟ್ 8 ಮಂದಿಯನ್ನು ಹಿಡಿಯುತ್ತದೆ. ಉಳಿದ 9,990 ಆರೋಗ್ಯವಂತರಲ್ಲಿ ಶೇ 0.7, ಅಂದರೆ ಸುಮಾರು 70 ಮಂದಿಗೆ ಸುಳ್ಳು ಪಾಸಿಟಿವ್. ಒಟ್ಟು 78 ಪಾಸಿಟಿವ್‌ಗಳಲ್ಲಿ ನಿಜವಾದದ್ದು 8 ಮಾತ್ರ! ಅದೇ ಕಿಟ್ಟನ್ನು 100 ಕೈದಿಗಳಿಗೆ ಬಳಸಿ, ಅವರಲ್ಲಿ 20 ಮಂದಿಗೆ ಸೋಂಕಿದೆ ಎಂದುಕೊಳ್ಳಿ. ಆಗ 16 ನಿಜವಾದ ಪಾಸಿಟಿವ್, ಸುಳ್ಳು ಹೆಚ್ಚೆಂದರೆ ಒಂದು. ಕಿಟ್ ಬದಲಾಗಿಲ್ಲ, ಪರೀಕ್ಷೆಗೆ ಒಳಗಾದ ಜನ ಬದಲಾದರು.

ಆದರೆ ಜೈಲಿನೊಳಗೆ 4 ಸೋಂಕಿತರು ‘ನೆಗೆಟಿವ್’ ಎಂದು ಹೊರಬಂದಿರುತ್ತಾರೆ, ಗಮನಿಸಿ. ನಮ್ಮ ಪ್ರಕಾರ ಸುಳ್ಳು ಪಾಸಿಟಿವ್‌ಗಿಂತ ಇದು ಹೆಚ್ಚು ಅಪಾಯಕಾರಿ, ಏಕೆಂದರೆ ನೆಗೆಟಿವ್ ಬಂದವರು ನಿಶ್ಚಿಂತೆಯಿಂದ ಓಡಾಡುತ್ತಾರೆ. ಅದಕ್ಕೇ ಆಂಟಿಜೆನ್ ನೆಗೆಟಿವ್ ಬಂದರೂ ಜ್ವರ, ಕೆಮ್ಮು ಇದ್ದವರಿಗೆ ಆರ್‌ಟಿ-ಪಿಸಿಆರ್ ಮಾಡಲೇಬೇಕು ಎಂದು ಐಸಿಎಂಆರ್ ಹೇಳಿತ್ತು.

ಹಾಗಾದರೆ ಕಂಪನಿ ಹೇಳುವ ಅಂಕಿಯನ್ನು ನಂಬಬಹುದೇ? ಅದೇ ಏಪ್ರಿಲ್‌ನಲ್ಲಿ ಚೀನಾದಿಂದ ಬಂದ ರ‍್ಯಾಪಿಡ್ ಆಂಟಿಬಾಡಿ ಕಿಟ್‌ಗಳ ನಿಖರತೆ ಶೇ 5.4 ಮಾತ್ರ ಎಂದು ರಾಜಸ್ಥಾನ ದೂರಿತು. ಏಪ್ರಿಲ್ 21ರಂದು ಐಸಿಎಂಆರ್ ಎರಡು ದಿನ ಬಳಕೆ ನಿಲ್ಲಿಸಲು ಸೂಚಿಸಿ, ಪರಿಶೀಲಿಸಿ, ಏಪ್ರಿಲ್ 27ರಂದು ಎರಡು ಕಂಪನಿಗಳ ಕಿಟ್‌ಗಳನ್ನು ವಾಪಸ್ ಕಳಿಸುವಂತೆ ರಾಜ್ಯಗಳಿಗೆ ತಿಳಿಸಿತು. ಅಲ್ಲದೆ ಆಂಟಿಬಾಡಿ ಮೈಯಲ್ಲಿ ಮೂಡಲು ವಾರ ಅಥವಾ ಅದಕ್ಕಿಂತ ಹೆಚ್ಚು ಬೇಕು. ಒಳ್ಳೆಯ ಕಿಟ್ ಆಗಿದ್ದರೂ ಸೋಂಕಿನ ಮೊದಲ ದಿನಗಳಲ್ಲಿ ಅದು ಉಪಯೋಗಕ್ಕೆ ಬರುತ್ತಿರಲಿಲ್ಲ.

ಕೊರೊನಾ ಕಥೆ ಹಳೆಯದು ಎನ್ನಬೇಡಿ. ಮಳೆಗಾಲ ಬಂದರೆ ಲ್ಯಾಬ್‌ಗಳಲ್ಲಿ ಡೆಂಗ್ಯೂ ಕಾರ್ಡ್ ಟೆಸ್ಟ್ ಶುರು. ಕಾರ್ಡ್ ಪಾಸಿಟಿವ್ ಬಂದರೂ ಸರ್ಕಾರಿ ಲೆಕ್ಕದಲ್ಲಿ ಅದು ‘ಸಂಭವನೀಯ’ ಪ್ರಕರಣವಷ್ಟೇ, ಖಚಿತಪಡಿಸಲು ಎಲಿಸಾ ಬೇಕು. ಜ್ವರದ ಮೊದಲ ಐದು ದಿನಕ್ಕೆ ಎನ್‌ಎಸ್1, ಅದರ ನಂತರ ಐಜಿಎಂ. ಮೂರನೇ ದಿನವೇ ಐಜಿಎಂ ಮಾಡಿಸಿ ‘ನೆಗೆಟಿವ್, ಡೆಂಗ್ಯೂ ಅಲ್ಲ’ ಎಂದು ಸುಮ್ಮನಾಗಬೇಡಿ. ಜ್ವರ ಯಾವ ದಿನ ಶುರುವಾಯಿತು ಎಂಬುದನ್ನು ಡಾಕ್ಟರಿಗೂ ಲ್ಯಾಬ್‌ನವರಿಗೂ ಹೇಳಿ.