ಎರಡೇ ಸುತ್ತಿಗೆ ಕಾರು ಇಳಿದ ಲೌಡಾ

ಕಾರ್ ರೇಸ್ ಹುಚ್ಚು ಹತ್ತಿಸಿಕೊಂಡವರನ್ನು ಕೇಳಿ ನೋಡಿ, ಸೆನ್ನಾ ಅಂತಾರೆ, ಶೂಮಾಕರ್ ಅಂತಾರೆ. ಆಸ್ಟ್ರಿಯಾದ ನಿಕಿ ಲೌಡಾ ಹೆಸರು ಬಂದರೆ ಮಾತ್ರ ದನಿಯೇ ಬದಲಾಗುತ್ತೆ. ಯಾಕೆ?

1976ರ ಆಗಸ್ಟ್ 1. ಜರ್ಮನಿಯ ನ್ಯೂರ್ಬರ್ಗ್‌ರಿಂಗ್, ಕಾಡಿನ ನಡುವೆ ಸುಮಾರು 23 ಕಿಲೋಮೀಟರ್ ಟ್ರ್ಯಾಕ್. ಇಲ್ಲಿ ಅಪಘಾತವಾದರೆ ನೆರವು ಬರೋದೇ ತಡ, ರೇಸ್ ಬೇಡ ಅಂದವನು ಇದೇ ಲೌಡಾ. ಚಾಲಕರ ಮತದಾನದಲ್ಲಿ ಅವನ ಮಾತು ಬಿದ್ದುಹೋಯಿತು. ಎರಡನೇ ಸುತ್ತಿನಲ್ಲೇ ಅವನ ಫೆರಾರಿ ಹೊತ್ತಿ ಉರಿಯಿತು. ಎಳೆದು ಹೊರತೆಗೆದವರು ಜೊತೆಯ ಚಾಲಕರೇ! ಆಸ್ಪತ್ರೆಯಲ್ಲಿ ಪಾದ್ರಿ ಬಂದು ಅಂತಿಮ ವಿಧಿಯನ್ನೂ ಮುಗಿಸಿದರು.

ಆರು ವಾರ ಕಳೆದಿರಲಿಲ್ಲ, ಮಾಂಜಾದಲ್ಲಿ ಮತ್ತೆ ಸ್ಟಿಯರಿಂಗ್ ಹಿಡಿದಿದ್ದ. ಗಾಯ ಮಾಗಿರಲಿಲ್ಲ. ಬಂದದ್ದು ನಾಲ್ಕನೇ ಸ್ಥಾನ.

ಇಷ್ಟಕ್ಕೇ ಕಥೆ ನಿಲ್ಲಿಸುವವರೇ ಹೆಚ್ಚು. ನನಗೆ ದೊಡ್ಡದಾಗಿ ಕಾಣೋದು ಅಕ್ಟೋಬರ್ 24ರ ಜಪಾನ್. ಫ್ಯೂಜಿಯಲ್ಲಿ ಕೊನೆಯ ರೇಸ್, ಜೇಮ್ಸ್ ಹಂಟ್‌ಗಿಂತ ಲೌಡಾ 3 ಅಂಕ ಮುಂದೆ. ಧೋ ಅಂತ ಮಳೆ, ಎದುರಿನ ಕಾರೇ ಕಾಣದು. ಎರಡು ಸುತ್ತು ಓಡಿಸಿದ, ಪಿಟ್‌ಗೆ ಬಂದ, ಇಳಿದುಬಿಟ್ಟ. ಎಂಜಿನ್ ಕೆಟ್ಟಿತು ಅನ್ನೋಣ ಅಂತ ತಂಡದವರು ಮುಂದಾದರೆ, ಬೇಡ ಅಂದ. ನಾನೇ ನಿಲ್ಲಿಸಿದೆ, ಅಪಾಯ ಅನ್ನಿಸಿತು, ಅಷ್ಟೇ. ಹಂಟ್ ಮೂರನೆಯವನಾಗಿ ಬಂದು ಒಂದೇ ಒಂದು ಅಂಕದಿಂದ ಚಾಂಪಿಯನ್ ಆದ. ಹೇಡಿ ಅಂದವರೂ ಇದ್ದರು.

ಮರುವರ್ಷ ಪಟ್ಟ ಮತ್ತೆ ಲೌಡಾನದೇ. 1984ರಲ್ಲಿ ಮೂರನೇ ಬಾರಿ, ಪ್ರಾಸ್ಟ್‌ಗಿಂತ ಬರೀ ಅರ್ಧ ಅಂಕ ಹೆಚ್ಚು!