ಎರಡು ಸೆಂಟಿಮೀಟರ್ ಮನುಷ್ಯ

ಬೆಂಗಳೂರಿನ ನಮ್ಮ ಫ್ಲ್ಯಾಟಲ್ಲಿ ಒಂದು ಚಿಕ್ಕ ರೂಮಿದೆ. ಹೆಂಡತಿ ಅದನ್ನ ಗೆಸ್ಟ್ ರೂಮ್ ಅಂತಾಳೆ. ನನಗೆ ಅದು ಹೊಸಪೇಟೆ ಜಂಕ್ಷನ್.

ಮಂಚಕ್ಕೆ ಅಂತ ಬಿಟ್ಟಿದ್ದ ಜಾಗದಲ್ಲಿ ಎಂಟಡಿ ಉದ್ದ, ನಾಲ್ಕಡಿ ಅಗಲದ ಒಂದು ಪ್ಲೈವುಡ್ ಶೀಟ್ ಇದೆ. ಅದರ ಮೇಲೆ ಹಳಿ, ಗೂಡ್ಸ್ ಶೆಡ್, ಸಿಗ್ನಲ್ ಕಂಬ, ಸ್ಟೀಮ್ ಇಂಜಿನ್ನಿಗೆ ನೀರು ತುಂಬೋ ಕಂಬ. ಬೇಲಿಯಾಚೆ ಹಂಪಿ ಕಡೆಯ ಬಂಡೆಗಳು. ಬಂಡೆಗೆ ಥರ್ಮಾಕೋಲ್ ಕೆತ್ತಿ ಸೋತೆ. ಕೊನೆಗೆ ಕಟ್ಟಡ ಕೆಲಸದ ಜಾಗದಿಂದ ಒಂದು ಚೀಲ ಜಲ್ಲಿ ತಂದು ಜೋಡಿಸಿದೆ. ಗ್ರಾನೈಟ್ ಚೂರಿನ ಒಡಕು ದೊಡ್ಡ ಬಂಡೆಯ ಒಡಕಿನ ಹಾಗೇ ಕಾಣತ್ತೆ. ಮಾತಂಗ ಬೆಟ್ಟಕ್ಕಿಂತ ಒಳ್ಳೇ ಮಾದರಿ ಮಾತಂಗ ಬೆಟ್ಟದ ಕಲ್ಲೇ.

ಮಾಡೆಲ್ ರೈಲು ಅಂದ್ರೆ ಮಕ್ಕಳ ಆಟಿಕೆ ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ. ಆಟಿಕೆಯಾಗೇ ಶುರುವಾಗಿದ್ದು ನಿಜ. 1891ರಲ್ಲಿ ಜರ್ಮನಿಯ ಮಾರ್ಕ್ಲಿನ್ ಕಂಪನಿ ಆಟದ ಹಳಿಗಳಿಗೆ ನಿಗದಿತ ಅಳತೆಗಳನ್ನ ತಂತು. ಇವತ್ತು ನಾವು ಒಂದು ಡಬ್ಬಿ ಇಲ್ಲಿ, ಒಂದು ಇಂಜಿನ್ ಅಲ್ಲಿ ತಗೊಂಡು ಒಂದೇ ಹಳಿ ಮೇಲೆ ಓಡಿಸೋದು ಆ ಪದ್ಧತಿಯಿಂದಲೇ. ಈಗ ಹೆಚ್ಚು ಚಾಲ್ತಿಯಲ್ಲಿರೋದು ಎಚ್‌ಓ ಅನ್ನೋ ಅಳತೆ. ಅಂದ್ರೆ ನಿಜದ 87 ಮೀಟರ್ ಇಲ್ಲಿ 1 ಮೀಟರ್.

ಈ ಲೆಕ್ಕ ಹಾಕಿದರೆ ನಗು ಬರತ್ತೆ. ನನ್ನ ಪ್ಲೈವುಡ್ಡಿನ ಉದ್ದ ನಿಜದಲ್ಲಿ 212 ಮೀಟರ್. ಈಗಿನ ಹೊಸಪೇಟೆ ಸ್ಟೇಷನ್ನಿನ ಒಂದು ಪ್ಲಾಟ್‌ಫಾರಂ ಕೂಡ ಪೂರ್ತಿ ಹಿಡಿಸಲ್ಲ. ತುಂಗಭದ್ರಾ ಡ್ಯಾಮು ಇಡೋಣ ಅಂದ್ರೆ 28 ಮೀಟರ್ ಉದ್ದದ ಹಾಲ್ ಬೇಕು. ಸಂಡೂರು ನಮ್ಮ ಅಡುಗೆಮನೆ ದಾಟಿ, ಲಿಫ್ಟ್ ದಾಟಿ, ಮುನ್ನೂರು ಚಿಲ್ಲರೆ ಮೀಟರ್ ಆಚೆ, ಮೇನ್ ರೋಡಿನ ದರ್ಶಿನಿ ಹತ್ತಿರ ಬರತ್ತೆ. ಹಾಗಾಗಿ ಈ ಹವ್ಯಾಸದಲ್ಲಿ ಅಂಟು, ಬಣ್ಣಕ್ಕಿಂತ ಹೆಚ್ಚಿನ ಕೆಲಸ ಏನು ಬಿಡಬೇಕು ಅಂತ ತೀರ್ಮಾನ ಮಾಡೋದು.

ಮೊದಲ ತೀರ್ಮಾನ ಇಸವಿಯದ್ದು. ಯಾವ ಹೊಸಪೇಟೆ?

1880ರ ದಶಕದ್ದು ಮಾಡಬಹುದಿತ್ತು. 1876-78ರ ಭೀಕರ ಬರದಲ್ಲಿ ಬಳ್ಳಾರಿ ಸೀಮೆ ಬೆಂದುಹೋಗಿತ್ತು. ಬರಗಾಲದ ಕಾಮಗಾರಿಗಳಲ್ಲಿ ಒಬ್ಬ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಒಂದಾಣೆ ಸಾಕು ಅಂತ 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ನಿಗದಿ ಮಾಡಿದ್ದರು. ಒಂದು ಪೌಂಡ್ ಅಂದ್ರೆ ಅರ್ಧ ಕೆಜಿಗೂ ಕಮ್ಮಿ. ಮಣ್ಣು ಹೊರೋ ಮನುಷ್ಯನಿಗೆ! ಬರ ಮುಗಿದ ಮೇಲೆ ಬಂದ ಕ್ಷಾಮ ಆಯೋಗ, ಇಂಥ ಒಣ ಜಿಲ್ಲೆಗಳಿಗೆ ಧಾನ್ಯ ತಲುಪಬೇಕಾದ್ರೆ ರೈಲು ಬೇಕು ಅಂತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಬಳ್ಳಾರಿ, ಹೊಸಪೇಟೆ, ಗದಗ, ಹುಬ್ಬಳ್ಳಿಗಳನ್ನ ಅದು ಮೀಟರ್ ಗೇಜ್ ಹಳಿಯಲ್ಲಿ ಪೋಣಿಸಿತು. ಮುಂದೆ ಕ್ಯಾಸಲ್‌ರಾಕ್ ಘಟ್ಟ ಇಳಿದು ಗೋವಾದ ಮರ್ಮಗೋವಾ ಬಂದರಿನವರೆಗೆ ದಾರಿಯಾಯ್ತು.

ಆ ಕಾಲದ ಒಂದು ಚೋದ್ಯ ನೋಡಿ. ಹೊಸಪೇಟೆ ಮದ್ರಾಸ್ ಪ್ರಾಂತ್ಯ. ರೈಲು ತುಂಗಭದ್ರೆಯ ಸೇತುವೆ ದಾಟಿ ಮುನಿರಾಬಾದ್ ಮುಟ್ಟಿದರೆ ನಿಜಾಮರ ಸೀಮೆ. ಕೊಪ್ಪಳ ದಾಟಿ ಗದಗ ಬಂತೋ, ಅದು ಮುಂಬೈ ಪ್ರಾಂತ್ಯ. ನೂರು ಕಿಲೋಮೀಟರ್ ಒಳಗೆ ಮೂರು ಸರ್ಕಾರ. ಮೂರು ಕಡೆಯೂ ಸ್ಟೇಷನ್ನಲ್ಲಿ ಇಳಿದವರ ಬಾಯಲ್ಲಿ ಕನ್ನಡ. ಈ ಗಡಿಯನ್ನ ಪ್ಲೈವುಡ್ ಮೇಲೆ ಹೇಗೆ ತೋರಿಸೋದು? ಹಳಿಗೆ ಗಡಿ ಗೊತ್ತಾಗಲ್ಲ.

ರೈಲ್ವೆಯ ಹೆಸರೂ ಬದಲಾಗ್ತಾ ಹೋಯ್ತು. 1908ರಲ್ಲಿ ಮದ್ರಾಸ್ ಅಂಡ್ ಸದರ್ನ್ ಮರಾಠಾ, 1951ರಲ್ಲಿ ದಕ್ಷಿಣ ರೈಲ್ವೆ, 1966ರಲ್ಲಿ ದಕ್ಷಿಣ ಮಧ್ಯ, 2003ರಲ್ಲಿ ನೈಋತ್ಯ. ಡಬ್ಬಿಯ ಮೇಲೆ ಯಾವ ಅಕ್ಷರ ಬರೀಬೇಕು ಅನ್ನೋದು ಇಸವಿ ಗೊತ್ತಿಲ್ಲದೆ ಆಗಲ್ಲ.

ನಾನು 1986 ಆರಿಸಿದೆ. ಕಾರಣ ಎರಡು. ಒಂದು, ನನ್ನ ದೊಡ್ಡಪ್ಪ ಆಗ ಅಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು. ಎರಡನೇದು ತೀರಾ ತಾಂತ್ರಿಕ. ನಮ್ಮ ಬ್ರಾಡ್ ಗೇಜ್ ಹಳಿಗಳ ನಡುವೆ 1676 ಮಿಲಿಮೀಟರ್ ಅಂತರ. 87ರಿಂದ ಭಾಗಿಸಿದರೆ 19 ಮಿಲಿಮೀಟರ್‌ಗೆ ಸ್ವಲ್ಪ ಜಾಸ್ತಿ. ಅಂಗಡಿಯಲ್ಲಿ ಸಿಗೋ ಎಚ್‌ಓ ಹಳಿ 16.5 ಮಿಲಿಮೀಟರ್. ಅದರ ಮೇಲೆ ನಮ್ಮ ಬ್ರಾಡ್ ಗೇಜ್ ಇಂಜಿನ್ ಇಟ್ಟರೆ ದಪ್ಪ ಮನುಷ್ಯ ಮಗನ ಚಪ್ಪಲಿ ಹಾಕ್ಕೊಂಡ ಹಾಗೆ. ಭಾರತದ ರೈಲು ಮಾಡೋ ಹವ್ಯಾಸಿಗಳೆಲ್ಲ ಈ ಸುಳ್ಳಿನ ಜೊತೆ ರಾಜಿಯಾಗಿ ಬದುಕ್ತಾರೆ. ಮೀಟರ್ ಗೇಜಿಗೆ ಈ ತಾಪತ್ರಯ ಇಲ್ಲ. ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳೂ ಮೀಟರ್ ಗೇಜೇ ಆಗಿರೋದರಿಂದ ಯುರೋಪಿನಲ್ಲಿ 12 ಮಿಲಿಮೀಟರ್ ಹಳಿ ಮಾರಾಟಕ್ಕಿದೆ. ಆಲ್ಪ್ಸ್ ಪರ್ವತಕ್ಕೆ ಮಾಡಿದ ಹಳಿ ಹೊಸಪೇಟೆಗೆ ಹೆಚ್ಚೂಕಮ್ಮಿ ಸರಿಯಾಗಿ ಕೂತುಬಿಡ್ತು.

ಇಂಜಿನ್ ಮಾತ್ರ ಸಿಗಲಿಲ್ಲ. ವೈಜಿ ಅನ್ನೋ ಸ್ಟೀಮ್ ಇಂಜಿನ್ನನ್ನ ಪ್ಲಾಸ್ಟಿಕ್ ಶೀಟ್, ಪೆನ್ನಿನ ಕೊಳವೆ, ಹಿತ್ತಾಳೆ ತಂತಿಯಲ್ಲಿ ಕಟ್ಟೋಕೆ ಏಳು ತಿಂಗಳ ಭಾನುವಾರಗಳು ಹೋದವು.

ಇಸವಿ ಸಿಕ್ಕಮೇಲೆ ಮಣ್ಣು. ಹೊಸಪೇಟೆಯಿಂದ ದಕ್ಷಿಣಕ್ಕೆ ಒಂದು ಕವಲು ಹಳಿ ಕೊಟ್ಟೂರಿಗೆ ಹೋಗತ್ತೆ. ಅದೇ ಹಳಿ ಗುಂಡಾ ರೋಡ್ ಹತ್ತಿರ ಮತ್ತೆ ಕವಲೊಡೆದು ಯಶವಂತನಗರ, ಸ್ವಾಮಿಹಳ್ಳಿ ಅಂತ ಸಂಡೂರಿನ ಗುಡ್ಡಗಳೊಳಗೆ ನುಗ್ಗತ್ತೆ. ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ ಅದು. ಇಪ್ಪತ್ತನೇ ಶತಮಾನದ ಶುರುವಿನಲ್ಲೇ ಅಲ್ಲಿ ಮ್ಯಾಂಗನೀಸ್ ಅಗೆಯೋಕೆ ಕಂಪನಿಗಳು ಬಂದವು. ಸಂಸ್ಥಾನ 1949ರಲ್ಲಿ ಭಾರತಕ್ಕೆ ಸೇರಿತು, 1954ರಲ್ಲಿ ಸಂಡೂರು ಮ್ಯಾಂಗನೀಸ್ ಕಂಪನಿ ಶುರುವಾಯ್ತು. ಆ ಕವಲು ಹಳಿಯ ಅದಿರು ಇಲ್ಲದ ಹೊಸಪೇಟೆ ಯಾರ್ಡು, ಉಪ್ಪಿಲ್ಲದ ಸಾರು.

ಹಾಗಾಗಿ ಸಂಡೂರಿಗೆ ಹೋದಾಗ ರಸ್ತೆ ಬದಿಯ ಕೆಂಪು ಮಣ್ಣು ಒಂದು ಡಬ್ಬಿ ತಂದು, ಜರಡಿ ಹಿಡಿದು, ಹಳಿಗಳ ಮಧ್ಯೆ ಉದುರಿಸಿದೆ. ಏನು ಬಣ್ಣ ಅಂತೀರಿ! ಎರಡೇ ದಿನ. ಇಂಜಿನ್ ಕರಕರ ಅಂತ ನಿಂತುಹೋಯ್ತು. ಬಿಚ್ಚಿ ನೋಡಿದರೆ ಮೋಟಾರಿನ ಅಯಸ್ಕಾಂತಕ್ಕೆ ಮಣ್ಣು ಮೀಸೆ ಬಂದ ಹಾಗೆ ಅಂಟಿಕೊಂಡಿದೆ. ಕಬ್ಬಿಣದ ಮಣ್ಣಲ್ವಾ! ತಂದ ಮಣ್ಣಿನ ಮೇಲೆ ಮೊದಲು ಒಂದು ಅಯಸ್ಕಾಂತ ಆಡಿಸಿ ನೋಡಬೇಕು ಅನ್ನೋದು ಈ ಹವ್ಯಾಸದ ಮೊದಲ ಪಾಠ. ನಾನು ಕಲಿತಿದ್ದು ಕೊನೆಗೆ. ಈಗ ಯಾರ್ಡಿನಲ್ಲಿರೋದು ಇಟ್ಟಿಗೆ ಪುಡಿ.

ಇಷ್ಟೆಲ್ಲ ಆದಮೇಲೆ ದೊಡ್ಡಪ್ಪ ಬಂದರು. ಕಣ್ಣಿನ ಪೊರೆ ಆಪರೇಷನ್ನಿಗೆ ಅಂತ ಬೆಂಗಳೂರಿಗೆ ಬಂದವರು ಹತ್ತು ದಿನ ನಮ್ಮನೇಲಿದ್ದರು. ಗೆಸ್ಟ್ ರೂಮ್ ಜಂಕ್ಷನ್ ಆಗಿದ್ದರಿಂದ ಮಲಗೋದು ಹಾಲಿನಲ್ಲಿ. ಕಣ್ಣಿನ ಪಟ್ಟಿ ಬಿಚ್ಚಿದ ಮಾರನೇ ದಿನ ಅವರನ್ನ ಕೂರಿಸಿ ಸ್ವಿಚ್ ಹಾಕಿದೆ. ವೈಜಿ ಇಂಜಿನ್ ಆರು ಅದಿರು ಡಬ್ಬಿ ಎಳ್ಕೊಂಡು ಸಂಡೂರು ಕಡೆಯಿಂದ ಬಂದು ನಿಂತಿತು. ಅವರು ತುಂಬಾ ಹೊತ್ತು ನೋಡಿದರು.

"ನೀರಿನ ಕಂಬ ಆ ಕಡಿ ಇತ್ತಪ್ಪಾ," ಅಂದರು ಮೊದಲು. ಆಮೇಲೆ, "ಎಲ್ಲಾ ಐತಿ. ಮಂದಿ ಎಲ್ಲದಾರ?"

ಮೂರು ವರ್ಷದ ಕೆಲಸ. ಬೋರ್ಡಿನ ಮೇಲೆ ಒಬ್ಬ ಮನುಷ್ಯನೂ ಇರಲಿಲ್ಲ. ನನಗದು ಹೊಳೆದೂ ಇರಲಿಲ್ಲ.

ಅವತ್ತು ರಾತ್ರಿ ಅವರು ಬೋರ್ಡಿನ ಪಕ್ಕ ಕೂತು ಬೆರಳಿಟ್ಟು ಹೇಳ್ತಾ ಹೋದರು. ಇಲ್ಲಿ ಟೋಕನ್ ಕೊಡೋದು: ಸಿಂಗಲ್ ಲೈನಲ್ಲಿ ಎದುರು ಗಾಡಿ ಬರಬಾರದು ಅಂತ, ಬೆತ್ತದ ಬಳೆಗೆ ಚೀಲ ಕಟ್ಟಿ ಅದರೊಳಗೆ ಟೋಕನ್ ಇಟ್ಟು ಓಡೋ ಇಂಜಿನ್ನಿನ ಡ್ರೈವರ್ ತೋಳಿಗೆ ಸಿಗೋ ಹಾಗೆ ಎತ್ತಿ ಹಿಡೀಬೇಕು. ಇಲ್ಲಿ ಬೂದಿ ಎಳೆಯೋರು. ಇಲ್ಲಿ ಗೂಡ್ಸ್ ಶೆಡ್ಡಿನ ಹಮಾಲರು. ಕಂಪ್ಲಿಯಿಂದ ಭತ್ತ, ಅಕ್ಕಿ, ಬೆಲ್ಲದ ಲಾರಿ ಬಂದ ದಿನ ರಾತ್ರಿಯೆಲ್ಲ ಕೆಲಸ.

ಕಂಪ್ಲಿಯ ಮಾತು ಬಂದಿದ್ದಕ್ಕೆ ಹೇಳ್ತೀನಿ. ನದಿ ದಂಡೆಯ ಹಳೇ ಕೋಟೆಯೂರು, ಕಬ್ಬು-ಭತ್ತದ ಸಂಪನ್ನ ಊರು. ಆದರೆ ಬ್ರಿಟಿಷರ ಹಳಿ ನದಿ ಬಿಟ್ಟು ದಕ್ಷಿಣಕ್ಕೆ, ದರೋಜಿ-ತೋರಣಗಲ್ಲು ದಾರಿಯಲ್ಲಿ ಹೋಯ್ತು. ಕಂಪ್ಲಿಗೆ ಇವತ್ತಿಗೂ ರೈಲಿಲ್ಲ. ಎದುರು ದಂಡೆಯ ಗಂಗಾವತಿಗೆ ಈಚೆಗೆ ಬಂತು. ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟಾಗ ನಡುವಿನ ಸೇತುವೆ ಮುಳುಗಿ ಅಲ್ಲಿಗೂ ದಾರಿ ಬಂದ್. ಹಳಿ ಮುಟ್ಟದ ಊರನ್ನ ರೈಲಿನ ಮಾದರಿಯಲ್ಲಿ ತೋರಿಸಬೇಕಾದ್ರೆ ಒಂದೇ ದಾರಿ: ಆ ಊರಿನ ಮೂಟೆ, ಅದನ್ನ ಹೊರೋ ಬೆನ್ನು.

ಸ್ವಾಮಿಹಳ್ಳಿ ಕಡೆಯದು ಇನ್ನೂ ಕಷ್ಟದ ಚಿತ್ರ. ಆಗ ಅದಿರು ಸುತ್ತಿಗೆಯಲ್ಲಿ ಒಡೆಯೋದು, ಬುಟ್ಟಿಯಲ್ಲಿ ತಲೆ ಮೇಲೆ ಹೊರೋದು, ಹಲಗೆ ಹತ್ತಿ ವ್ಯಾಗನ್ನಿಗೆ ಸುರಿಯೋದು. ಹೆಚ್ಚಿನವರು ಹೆಂಗಸರು. "ಕೆಂಪ್ ಸೀರಿ ಅನ್ಕೊಂಡಿದ್ದೆ ಮೊದಲು," ಅಂದರು ದೊಡ್ಡಪ್ಪ. "ಅದು ಸೀರಿ ಬಣ್ಣ ಅಲ್ಲ, ಧೂಳು."

ಅವರು ಊರಿಗೆ ಹೊರಟಾಗ ನಾನೂ ಜೊತೆಗೆ ಹೋದೆ, ಒಂದು ಬೆಳಗ್ಗೆ ಹಂಪಿಗೂ ಹೋಗಿಬಂದೆ. ವಿಜಯವಿಠ್ಠಲ ದೇವಸ್ಥಾನದ ಕಲ್ಲಿನ ತೇರು ನಿಮಗೆಲ್ಲ ಗೊತ್ತು. ದಿನಾ ಜೇಬಲ್ಲಿರತ್ತೆ, 2017ರಲ್ಲಿ ಬಂದ ನೀಲಿ ಐವತ್ತರ ನೋಟಿನ ಹಿಂದೆ. ಅವತ್ತು ಅದನ್ನ ಹವ್ಯಾಸಿಯ ಕಣ್ಣಲ್ಲಿ ನೋಡಿದೆ. ಅದು ಗರುಡನ ಗುಡಿ, ನಿಜ. ಜೊತೆಗೆ ಒಂದು ಮಾದರಿ ಕೂಡ: ಮರದ ತೇರಿನ ಗ್ರಾನೈಟ್ ಮಾದರಿ. ಅಚ್ಚು, ಗಾಲಿ, ಗಾಲಿಯೊಳಗಿನ ಹೂವಿನ ಪಟ್ಟಿ, ಒಂದೂ ಬಿಟ್ಟಿಲ್ಲ. ಈಗ ಮುಂದಿರೋ ಆನೆಗಳು ಆಮೇಲೆ ತಂದಿಟ್ಟವು, ಮೊದಲು ಕುದುರೆಗಳಿದ್ದವು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೋದಲ್ಲಿ ತೇರಿನ ಮೇಲೆ ಇಟ್ಟಿಗೆಯ ಗೋಪುರ ಇದೆ. ಈಗ ಇಲ್ಲ. ನಮ್ಮ ನೋಟಿನಲ್ಲಿರೋದು ಗೋಪುರ ಹೋದಮೇಲಿನ ತೇರು. ಅಂದ್ರೆ ನೋಟು ಮಾಡಿದವರೂ ಗೊತ್ತೋ ಗೊತ್ತಿಲ್ದೆಯೋ ಒಂದು ಇಸವಿ ಆರಿಸಿದ್ದಾರೆ.

ಆದರೆ ಆ ತೇರಿಗೆ ಹಗ್ಗ ಇಲ್ಲ. ಎಳೆಯೋರು ಇಲ್ಲ. ವಿರೂಪಾಕ್ಷನ ತೇರು ರಥಬೀದಿಯಲ್ಲಿ ಹೊರಟಾಗ ನೋಡಿದ್ದೀರಾ? ನೂರಾರು ಜನ ಹಗ್ಗ ಹಿಡಿದಿರ್ತಾರೆ. ಗಾಲಿ ಪಕ್ಕದಲ್ಲೇ ಕೆಲವರು ಮರದ ತುಂಡು ಹಿಡಿದು ಓಡ್ತಿರ್ತಾರೆ. ತೇರು ಎಡಕ್ಕೆ ವಾಲಬೇಕೋ ಬಲಕ್ಕೋ, ನಿಲ್ಲಬೇಕೋ, ಆ ತುಂಡನ್ನ ಗಾಲಿಗೆ ಕೊಡೋ ಅವರ ಕೈಯಲ್ಲಿದೆ. ಕೈ ಒಂದು ಕ್ಷಣ ತಡವಾದ್ರೆ ಹೋಯ್ತು. ನನಗೆ ತಕ್ಷಣ ನೆನಪಾಗಿದ್ದು ಪಾಯಿಂಟ್ಸ್‌ಮನ್. ರೈಲು ಯಾವ ಹಳಿಗೆ ಹೋಗಬೇಕು ಅಂತ ಪಾಯಿಂಟ್ ತಿರುಗಿಸೋನು. ತೇರಿನ ಮಾದರಿ ಮಾಡಿದ ಶಿಲ್ಪಿಗಳು ಅವನನ್ನ ಬಿಟ್ಟರು. ಐನೂರು ವರ್ಷ ಆದಮೇಲೆ ರೈಲಿನ ಮಾದರಿ ಮಾಡಿದ ನಾನೂ ಅವನನ್ನ ಬಿಟ್ಟೆ. ಅದೂ ನಮ್ಮ ಮನೆಯವನನ್ನೇ.

ರೈಲಿನ ಇತಿಹಾಸವನ್ನ ನಾವು ಜೋಪಾನ ಮಾಡಿರೋದೂ ಬಹುಪಾಲು ಹೀಗೇ. ಮೈಸೂರಿನ ರೈಲ್ವೆ ಮ್ಯೂಸಿಯಂ 1979ರದ್ದು, ಹುಬ್ಬಳ್ಳಿಯದು 2020ರದ್ದು. ಪುಣೆಯಲ್ಲಿ ಜೋಶಿಯವರ ಪುಟಾಣಿ ರೈಲುಗಳ ಮ್ಯೂಸಿಯಂ ಇದೆ. ಮೂರೂ ಚಂದ, ಮಕ್ಕಳನ್ನ ಕರ್ಕೊಂಡು ಹೋಗಿ. ಆದರೆ ಗಮನಿಸಿ ನೋಡಿ: ಇಂಜಿನ್ನಿಗೆ ಹೆಸರಿನ ಫಲಕ ಇರತ್ತೆ, ಅದಕ್ಕೆ ಕಲ್ಲಿದ್ದಲು ಎಸೆದವನ ಹೆಸರು ಹುಡುಕಬೇಕು.

1992ರಲ್ಲಿ ಯೂನಿಗೇಜ್ ಯೋಜನೆ ಶುರುವಾಯ್ತು. ಆ ದಶಕದಲ್ಲೇ ನಮ್ಮ ಮುಖ್ಯ ಲೈನ್ ಬ್ರಾಡ್ ಗೇಜ್ ಆಯ್ತು. ಬುಟ್ಟಿ ಹೋಗಿ ಯಂತ್ರ ಬಂತು. 58 ವ್ಯಾಗನ್ನಿನ ಅದಿರು ಗಾಡಿಗಳು ಬಂದವು. ನನ್ನ ಅಳತೆಯಲ್ಲಿ ಒಂದು ಗಾಡಿಯೇ 7 ಮೀಟರ್, ಇಡೀ ಮನೆ ಅಡ್ಡಗಟ್ಟಬೇಕು. ಆಮೇಲಿನ ಅದಿರಿನ ಹುಚ್ಚು, ಲೋಕಾಯುಕ್ತ ವರದಿ, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ್ದು, ಇದೆಲ್ಲ ನೀವು ಪೇಪರಿನಲ್ಲಿ ಓದಿದ್ದೀರಿ. 2023ರಲ್ಲಿ ಹೊಸಪೇಟೆ ಸ್ಟೇಷನ್ನಿಗೆ ಹಂಪಿಯ ಸ್ಮಾರಕಗಳ ಹಾಗೆ ಕಾಣೋ ಹೊಸ ರೂಪ ಕೊಟ್ಟರು. ಸ್ಟೇಷನ್ನೇ ಈಗ ಒಂದು ಮಾದರಿ. ಬಂದವರು ಮುಂದೆ ನಿಂತು ಸೆಲ್ಫಿ ತಗೋತಾರೆ. ನಾನೂ ತಗೊಂಡೆ.

ವಾಪಸ್ ಬಂದು ಕೆಲಸ ಶುರು ಮಾಡಿದೆ. ಎಚ್‌ಓ ಅಳತೆಯಲ್ಲಿ ಒಬ್ಬ ಮನುಷ್ಯ ಎರಡೇ ಸೆಂಟಿಮೀಟರ್. ಅಂಗಡಿಯಲ್ಲಿ ಸಿಗೋ ಗೊಂಬೆಗಳು ಕೋಟು-ಹ್ಯಾಟಿನ ಯುರೋಪಿಯನ್ನರು. ಕತ್ತರಿಸಿ ಪಂಚೆ ಉಡಿಸೋಕಾಗಲ್ಲ. ತಾಮ್ರದ ತಂತಿ ಬಗ್ಗಿಸಿ, ಎಂ-ಸೀಲ್ ಮೆತ್ತಿ, ಸೂಜಿಯಲ್ಲಿ ಮಡಿಕೆ ಗೀರಬೇಕು. ಒಂದು ಗೊಂಬೆಗೆ ಒಂದು ಸಂಜೆ. ಇಂಜಿನ್ ಮಾಡೋದಕ್ಕಿಂತ ಕಷ್ಟ, ಯಾಕಂದ್ರೆ ಅಳತೆಗೆ ನಕ್ಷೆಯಿಲ್ಲ. ಬುಟ್ಟಿ ಹೊತ್ತವಳ ಕತ್ತು ಎಷ್ಟು ಬಾಗತ್ತೆ ಅಂತ ಯಾವ ಡ್ರಾಯಿಂಗಿನಲ್ಲಿದೆ? ವಾರಕ್ಕೊಮ್ಮೆ ದೊಡ್ಡಪ್ಪನಿಗೆ ಫೋನ್ ಮಾಡ್ತೀನಿ.

ಮೊದಲ ಗೊಂಬೆ ಪಾಯಿಂಟ್ಸ್‌ಮನ್. ಬೆಳಕು ಬಿಟ್ಟು ಫೋಟೋ ತೆಗೆದು ಅಣ್ಣನ ವಾಟ್ಸ್ಯಾಪಿಗೆ ಕಳಿಸಿದೆ. ಐದು ನಿಮಿಷಕ್ಕೆ ದೊಡ್ಡಪ್ಪನ ಫೋನ್. ಹೊಗಳ್ತಾರೆ ಅಂದ್ಕೊಂಡೆ.

"ಎಣ್ಣಿ ಡಬ್ಬಿ ಎಲ್ಲೈತಿ?" ಅಂದರು. "ಬರೇ ಕೈಲೆ ನಿಲ್ಲಿಸಿಯಲ್ಲೋ. ಪಾಯಿಂಟಿಗೆ ಎಣ್ಣಿ ಯಾರ್ ಹಾಕ್ತಾರ?"

ಸಾಸಿವೆ ಕಾಳಿನಷ್ಟು ಡಬ್ಬಿ. ಈ ಭಾನುವಾರದ ಕೆಲಸ ಅದು. ಆಮೇಲೆ ಸ್ವಾಮಿಹಳ್ಳಿಯವರು, ಒಟ್ಟು ನಲವತ್ತು ಜನ.