ಜೇನು ಪೆಟ್ಟಿಗೆ ಖಾಲಿಯಾಗದಿರಲು ಮೂಗೂರು ಸುತ್ತಿನವರು ಏನು ಮಾಡಬಹುದು? ಇಲ್ಲಿದೆ ಮಾಹಿತಿ

ಮೂಗೂರು: ಜೇನು ಪೆಟ್ಟಿಗೆ ತಂದು ತೋಟದಲ್ಲಿ ಇಟ್ಟರೆ ಆಯ್ತು, ತುಪ್ಪ ತಾನಾಗೇ ಬರುತ್ತೆ ಅಂದುಕೊಂಡವರು ಬಹಳ ಮಂದಿ. ಆದರೆ ಮಳೆಗಾಲ ಕಳೆಯುವಷ್ಟರಲ್ಲಿ ಪೆಟ್ಟಿಗೆ ಖಾಲಿಯಾಗಿರುತ್ತೆ. ಇದಕ್ಕೆ ಕಾರಣ ಹೆಚ್ಚಾಗಿ ಮೂರು: ಹೂವಿಲ್ಲದ ಕಾಲದ ಹಸಿವು, ರಾಣಿ ಇಲ್ಲದಿರುವುದು, ಪಕ್ಕದ ಹೊಲದ ಔಷಧಿ. ಈ ಮೂರಕ್ಕೂ ಅಕ್ಕಪಕ್ಕದವರ ನೆರವು ಬೇಕು. ಒಬ್ಬರೇ ನಿಭಾಯಿಸುವುದು ಕಷ್ಟ.

ನಮ್ಮ ಕಡೆ ಮೇವು ಹೇಗಿದೆ?

ಪೆಟ್ಟಿಗೆಯಲ್ಲಿ ಸಾಕುವುದು ಸಾಮಾನ್ಯವಾಗಿ ತುಡುವೆ ಜೇನು. ಇದು ಮೇವಿಗಾಗಿ ಹೆಚ್ಚೆಂದರೆ ಒಂದೂವರೆ ಕಿಲೋಮೀಟರ್ ಹಾರುತ್ತೆ. ನಾಲೆ ನೀರಿನ ಬಯಲಲ್ಲಿ ಭತ್ತ, ಕಬ್ಬು ಕಣ್ಣು ಹಾಯಿಸಿದಷ್ಟು ದೂರ ಇದ್ದರೂ ನೊಣಕ್ಕೆ ಅದರಿಂದ ಮಕರಂದ ಸಿಗೋದಿಲ್ಲ. ತೆಂಗು, ಬಾಳೆ, ಹೊಂಗೆ, ಬೇವು, ಹುಣಸೆ, ನೇರಳೆ ಮರಗಳೇ ಆಧಾರ. ಹಾಗಾಗಿ ಪೆಟ್ಟಿಗೆ ಇಡುವ ಮೊದಲು ಸುತ್ತಲಿನ ಮರ ನೋಡಿ. ಬೇಲಿ ಸಾಲಿನ ಹೊಂಗೆ ಕಡಿಯದೆ ಉಳಿಸಿದರೆ ಊರಿನ ಎಲ್ಲರ ಪೆಟ್ಟಿಗೆಗೂ ಅನುಕೂಲ.

ಮಳೆಗಾಲದಲ್ಲಿ ಸಕ್ಕರೆ ಪಾಕ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೂವು ಕಡಿಮೆ. ಆಗ ಒಂದು ಕೆಜಿ ಸಕ್ಕರೆಗೆ ಒಂದು ಲೀಟರ್ ನೀರು ಹಾಕಿ ಕಾಯಿಸಿ, ಆರಿಸಿ, ಸಂಜೆ ಹೊತ್ತು ಪೆಟ್ಟಿಗೆಯ ಒಳಗೇ ಇಡಬೇಕು. ನೊಣ ಮುಳುಗದಂತೆ ಬಟ್ಟಲಲ್ಲಿ ಕಡ್ಡಿ ಹಾಕಿ. ತೋಟದ ಎಲ್ಲ ಪೆಟ್ಟಿಗೆಗೂ ಒಂದೇ ಸಂಜೆ ಕೊಡಿ, ಇಲ್ಲದಿದ್ದರೆ ಬಲವಾದ ಗೂಡಿನ ನೊಣ ಬಡಕಲು ಗೂಡನ್ನು ಲೂಟಿ ಮಾಡ್ತವೆ. ಬೆಲ್ಲದ ನೀರು, ಅಂಗಡಿಯಿಂದ ತಂದ ಜೇನುತುಪ್ಪ ಬೇಡ. ತುಪ್ಪ ಕಟ್ಟುವ ಕಾಲದಲ್ಲಿ ಪಾಕ ಕೊಡಲೇಬಾರದು, ಅದು ತುಪ್ಪದಲ್ಲಿ ಸೇರಿಬಿಡುತ್ತೆ.

ರಾಣಿ ಸತ್ತರೆ ನೆರೆಯವರ ಒಂದು ಚೌಕಟ್ಟು

ಎರಿಯಲ್ಲಿ ಮೊಟ್ಟೆ, ಎಳೆ ಮರಿ ಕಾಣದಿದ್ದರೆ ರಾಣಿ ಇಲ್ಲ ಎಂಬ ಅನುಮಾನ ಬರಬೇಕು. ಒಂದೇ ಕಣದಲ್ಲಿ ಎರಡು ಮೂರು ಮೊಟ್ಟೆ ಇದ್ದರೆ ಕೆಲಸಗಾರ ನೊಣಗಳೇ ಮೊಟ್ಟೆ ಇಡಲು ಶುರುಮಾಡಿವೆ ಎಂದರ್ಥ, ಆಗ ಗೂಡು ಉಳಿಸುವುದು ಕಷ್ಟ. ಅದಕ್ಕೂ ಮೊದಲೇ, ಹತ್ತಿರದ ಸಾಕಣೆದಾರರ ಆರೋಗ್ಯವಾದ ಪೆಟ್ಟಿಗೆಯಿಂದ ಹೊಸ ಮೊಟ್ಟೆ ಇರುವ ಒಂದು ಚೌಕಟ್ಟು ತಂದು ಕೊಡಬೇಕು. ಅದರ ಮೇಲಿನ ನೊಣಗಳನ್ನು ಅಲ್ಲೇ ಕೊಡವಿ, ಬಿಸಿಲು ತಾಗದಂತೆ ಬೇಗ ತನ್ನಿ. ನೊಣಗಳು ಆ ಮೊಟ್ಟೆಯಿಂದಲೇ ಹೊಸ ರಾಣಿ ಬೆಳೆಸಿಕೊಳ್ತವೆ. ನಾಲ್ಕು ವಾರ ಕಾದು, ಮೊಟ್ಟೆ ಇದೆಯಾ ನೋಡಿ. ನಡುವೆ ಪದೇಪದೇ ತೆರೆಯಬೇಡಿ.

ಕೊಡುವ ಮುನ್ನ ರೋಗ ನೋಡಿ

1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಗೂಡುಗಳಲ್ಲಿ ಬಹುಪಾಲು ನಾಶವಾದವು. ಕೊಡಗಿನಲ್ಲಿ ಜೇನು ಕೃಷಿಗೆ ಹಳೆಯ ಸಹಕಾರ ಪರಂಪರೆಯೇ ಇದೆ. ವಿರಾಜಪೇಟೆಯ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಶುರುವಾದದ್ದು 1936ರಲ್ಲಿ. ಅಂಥ ಕೊಡಗಿಗೂ ಈ ರೋಗದಿಂದ ದೊಡ್ಡ ಪೆಟ್ಟು ಬಿತ್ತು. ಮರಿಗಳು ಕಣದಲ್ಲಿ ಉದ್ದಕ್ಕೆ ಚಾಚಿಕೊಂಡು, ತಲೆ ಮೇಲೆತ್ತಿ, ನೀರು ತುಂಬಿದ ಚೀಲದಂತೆ ಸತ್ತಿದ್ದರೆ ಅದೇ ಲಕ್ಷಣ. ಇದಕ್ಕೆ ನೇರ ಔಷಧಿ ಇಲ್ಲ. ಅಂಥ ಪೆಟ್ಟಿಗೆಯ ಚೌಕಟ್ಟು, ಎರಿ ಯಾರಿಗೂ ಕೊಡಬೇಡಿ. ಉಳಿದವರಿಗೆ ವಿಷಯ ತಿಳಿಸಿ. ಮುಚ್ಚಿಟ್ಟರೆ ಹೋಬಳಿಯ ಗೂಡುಗಳೆಲ್ಲ ಹೋಗಬಹುದು. ಬೇರೆಯವರ ಪೆಟ್ಟಿಗೆ ಮುಟ್ಟಿದ ಮೇಲೆ ಕೈ, ಚಾಕು ತೊಳೆದೇ ನಿಮ್ಮದನ್ನು ತೆರೆಯಿರಿ.

ಔಷಧಿ ಹೊಡೆಯುವವರಿಗೆ ಒಂದು ಮಾತು

ಹೂ ಬಿಟ್ಟಿರುವಾಗ ಔಷಧಿ ಹೊಡೆಯದಿರುವುದೇ ಒಳ್ಳೇದು. ಕುಂಬಳ, ಸೌತೆ, ಹೀರೆ, ಸೂರ್ಯಕಾಂತಿಗೆ ನೊಣ ಬಂದರೇನೇ ಕಾಯಿ, ಕಾಳು ಚೆನ್ನಾಗಿ ಕಟ್ಟುವುದು. ಹೊಡೆಯಲೇಬೇಕಾದರೆ ನೊಣ ಗೂಡು ಸೇರಿದ ಮೇಲೆ, ಸಂಜೆ ಹೊಡೆಯಿರಿ. ಹಿಂದಿನ ದಿನವೇ ಪೆಟ್ಟಿಗೆಯವರಿಗೆ ಒಂದು ಫೋನ್ ಮಾಡಿದರೆ ಸಾಕು, ಅವರು ಮರುದಿನ ಬೆಳಗ್ಗೆ ಸ್ವಲ್ಪ ಹೊತ್ತು ಬಾಗಿಲಿಗೆ ಜಾಲರಿ ಹಾಕಿ, ಪೆಟ್ಟಿಗೆಗೆ ನೆರಳು, ಗಾಳಿ ಇರುವಂತೆ ನೋಡಿಕೊಳ್ತಾರೆ. ಗೊಬ್ಬರ, ಔಷಧಿ ಅಂಗಡಿಯವರು ಮಾರುವಾಗಲೇ ಇದನ್ನು ಗಿರಾಕಿಗೆ ಹೇಳಿದರೆ ದೊಡ್ಡ ಉಪಕಾರ.

ಅಂಗಡಿಯವರು ಗಮನಿಸಿ

* ಕಬ್ಬಿನ ಹಾಲಿನ ಅಂಗಡಿ, ಬೇಕರಿ, ಆಲೆಮನೆಗೆ ನೊಣ ಮುತ್ತಿದರೆ ವಿಷ ಸಿಂಪಡಿಸಬೇಡಿ. ಸಿಪ್ಪೆ ಮುಚ್ಚಿಡಿ, ತಟ್ಟೆಗೆ ಜಾಲರಿ ಹಾಕಿ.
* ಅಂಗಡಿ ಮುಂದೆ ತುಡುವೆ ಹಿಂಡು ಬಂದು ಕೂತರೆ ಬೆಂಕಿ ಹಾಕಬೇಡಿ. ಸಾಕಣೆದಾರರನ್ನು ಕರೆಯಿರಿ, ಅವರಿಗೆ ಅದು ಹೊಸ ಗೂಡು. ಹೆಜ್ಜೇನಾದರೆ ದೂರ ಇರಿ.
* ಜೇನುತುಪ್ಪ ಹರಳುಗಟ್ಟಿದರೆ ಕಲಬೆರಕೆ ಎಂದಲ್ಲ. ಲೋಟದ ನೀರಿಗೆ ಹಾಕಿ ನೋಡುವ ಪರೀಕ್ಷೆ ನಂಬುವಂಥದ್ದಲ್ಲ.
* ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಕೊಡಬಾರದು.

ನಾಲ್ಕು ಮಂದಿ ಸೇರಿದರೆ

ಒಳ್ಳೆ ಹೂವಿನ ವರ್ಷ ಒಂದು ತುಡುವೆ ಪೆಟ್ಟಿಗೆಯಿಂದ 5ರಿಂದ 10 ಕೆಜಿ ತುಪ್ಪ ನಿರೀಕ್ಷಿಸಬಹುದು. ಇಷ್ಟಕ್ಕೆ ತುಪ್ಪ ತೆಗೆಯುವ ಯಂತ್ರ ಒಬ್ಬೊಬ್ಬರೂ ಕೊಳ್ಳುವುದು ದಂಡ, ನಾಲ್ಕೈದು ಮಂದಿಗೆ ಒಂದು ಸಾಕು. ಬಳಸಿದವರು ಬಿಸಿನೀರಲ್ಲಿ ತೊಳೆದು ಒಣಗಿಸಿ ಮುಂದಿನವರಿಗೆ ಕೊಡಬೇಕು. ಎರಿಯ ಮುಕ್ಕಾಲು ಭಾಗ ಮೇಣದಿಂದ ಮುಚ್ಚಿದ ಮೇಲೆಯೇ ತುಪ್ಪ ತೆಗೆಯಿರಿ, ಹಸಿ ತುಪ್ಪ ಹುಳಿ ಬರುತ್ತೆ.

ಪೆಟ್ಟಿಗೆ, ಸಹಾಯಧನದ ಬಗ್ಗೆ ತಾಲ್ಲೂಕು ತೋಟಗಾರಿಕೆ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಸಲಹೆ ಬೇಕಾದವರು ನಂಜನಗೂಡು ತಾಲ್ಲೂಕು ಸುತ್ತೂರಿನ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರದಲ್ಲೂ ಕೇಳಬಹುದು. ನೊಣ ಕಚ್ಚಿದರೆ ಮುಳ್ಳನ್ನು ಉಗುರಿನಿಂದ ಕೂಡಲೇ ಕೆರೆದು ತೆಗೆಯಿರಿ. ಉಸಿರು ಕಟ್ಟಿದರೆ, ಮುಖ ಊದಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.